ಸ್ಥಳ: ಪುಣೆ

ಊರು ನೋಡುವ ಅವಸರ ಹತ್ತುವುದು ಊರು ಬಿಡುವ ತಿಂಗಳಲ್ಲಿ. ನೆಂಟರಾಗಿ ಬಂದವರು ಎರಡು ದಿನದಲ್ಲಿ ಕೋಟೆ, ಗುಡಿ, ಮ್ಯೂಸಿಯಂ ಎಲ್ಲ ಮುಗಿಸಿ ಫೋಟೊ ಹಾಕಿಬಿಡುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಆ ಚಿಂತೆಯೇ ಇಲ್ಲ, ನೋಡಿದರೂ ಬಿಟ್ಟರೂ ಅವು ಅವರವೇ. ಇವರಿಬ್ಬರ ನಡುವೆ ನನ್ನಂಥವರದೊಂದು ಗುಂಪಿದೆ. ಓದಿಗೋ ನೌಕರಿಗೋ ಮೂರು ವರ್ಷ, ಐದು ವರ್ಷ ಅಂತ ಬಂದವರು. ಬಂದ ಹೊಸತರಲ್ಲಿ 'ಇಲ್ಲೇ ಇರ್ತೀವಲ್ಲ, ಒಂದು ಭಾನುವಾರ ಹೋದರಾಯ್ತು' ಅಂದುಕೊಳ್ಳುತ್ತೇವೆ. ಭಾನುವಾರ ಬಟ್ಟೆ ಒಗೆಯುವುದಿರುತ್ತದೆ. ಮುಂದಿನ ಭಾನುವಾರ ಗೈಡ್‌ಗೆ ಏನಾದರೂ ಬರೆದು ಕಳಿಸುವುದಿರುತ್ತದೆ. ಹೀಗೆ ಇನ್ನೂರೈವತ್ತು ಭಾನುವಾರಗಳು ಹೋದಮೇಲೆ ಒಂದು ದಿನ, ಉಳಿದ ಭಾನುವಾರಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸುವಂತಾಗುತ್ತದೆ.

ನಾನು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಊರು ಗದಗ. ಜೆಆರ್‌ಎಫ್ ಎರಡು ವರ್ಷ, ಎಸ್‌ಆರ್‌ಎಫ್ ಮೂರು ವರ್ಷ, ಒಟ್ಟು ಐದು. ಫೆಲೋಶಿಪ್ ಮುಗಿಯಿತು, ಪ್ರಬಂಧದ ಎರಡು ಅಧ್ಯಾಯ ಉಳಿದವು. ಅವನ್ನು ಗದಗಿನ ಮನೆಯಲ್ಲಿ ಕೂತು ಬರೆಯುವುದು ಅಂತಾಯಿತು. ಅದನ್ನು ನಿರ್ಧಾರ ಅನ್ನಲಾರೆ. ಬಾಡಿಗೆ, ಊಟ, ಬಸ್ಸು ಎಂದು ಹಾಳೆಯ ಮೇಲೆ ಕೂಡಿಸುತ್ತ ಹೋದರೆ ಕೊನೆಯಲ್ಲಿ ಗದಗ ಅಂತಲೇ ಬರುತ್ತಿತ್ತು.

ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವಳಿಗೆ ಖುಷಿಯೇ ಆಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಐದ್ ವರ್ಷ ಇದ್ದಿ. ಬಂದಮ್ಯಾಲೆ ಮಂದಿ ಕೇಳ್ತಾರ, ಪುಣೇದಾಗ ಏನೇನ್ ನೋಡಿದಿ ಅಂತ. ಲೈಬ್ರರಿ ನೋಡೀನಿ ಅಂತ ಹೇಳಾಕಿ ಏನ್?"

ಈ ಮಾತನ್ನು ಪುರಾತತ್ವ ವಿಭಾಗದ ನನ್ನ ಅಸ್ಸಾಮಿನ ಗೆಳತಿಗೆ ಹೇಳಿದ್ದೇ ತಡ, ಅವಳು ನನ್ನ ಕೋಣೆಯ ಗೋಡೆಗಿದ್ದ 'ಕಾಲನಿರ್ಣಯ' ಕ್ಯಾಲೆಂಡರಿನ ಹಳೇ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ಒಂಬತ್ತು ಹೆಸರು ಬರೆದಳು. ಶನಿವಾರವಾಡಾ, ಲಾಲ್ ಮಹಲ್, ಪಾತಾಳೇಶ್ವರ, ಕೇಳ್ಕರ್ ಮ್ಯೂಸಿಯಂ, ಆಗಾ ಖಾನ್ ಅರಮನೆ, ಪರ್ವತಿ ಗುಡ್ಡ, ವೈಶಾಲಿ ಹೋಟೆಲಿನ ಎಸ್‌ಪಿಡಿಪಿ, ಸಿಂಹಗಡ. ಒಂಬತ್ತನೆಯದನ್ನು ತಮಾಷೆಗೆ ಸೇರಿಸಿದಳು: ನಮ್ಮದೇ ಕಾಲೇಜಿನಲ್ಲಿರುವ ತಿಲಕರ ಕೋಣೆ. ಒಂದೊಂದರ ಮುಂದೆಯೂ ಸಣ್ಣ ಚೌಕ. ನನ್ನ ಕೈಯಲ್ಲಿ ಇಪ್ಪತ್ನಾಲ್ಕು ದಿನವಿತ್ತು.

ಹಾಗಂತ ಐದು ವರ್ಷ ನಾನು ಪುಣೆಯೊಳಗೆ ಓಡಾಡಿಲ್ಲವೆಂದಲ್ಲ. ನನ್ನ ವಿಷಯವೇ ಓಡಾಟದ್ದು. ಈ ಊರಿಗೆ ಬಂದು ನೆಲೆಸಿದ ಉತ್ತರ ಕರ್ನಾಟಕದ ಮನೆಗಳಲ್ಲಿ ಕನ್ನಡ ಹೇಗೆ ಮರಾಠಿಯನ್ನು ಬೆರೆಸಿಕೊಂಡಿದೆ ಎನ್ನುವುದನ್ನು ನೋಡುತ್ತಿದ್ದೇನೆ. ಕಸಬಾ ಪೇಠೆ, ಕೋಥರೂಡ, ಹಡಪಸರದ ಎಷ್ಟೋ ಅಡುಗೆಮನೆಗಳಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದೇನೆ. ಯಾರ ಮನೆಯಲ್ಲಿ ಎಷ್ಟು ಗಂಟೆಗೆ ನೀರು ಬರುತ್ತದೆ, ಯಾರ ಮನೆಯ ಕುಕ್ಕರ್ ಸೀಟಿ ನನ್ನ ರೆಕಾರ್ಡಿಂಗ್ ಕೆಡಿಸುತ್ತದೆ ಎಂದು ನನಗೆ ಗೊತ್ತು. ಕಸಬಾ ಪೇಠೆಯ ಮನೆಗಳಿಂದ ಐದು ನಿಮಿಷ ನಡೆದರೆ ಸಿಗುವ ಶನಿವಾರವಾಡಾದ ಒಳಗೆ ಮಾತ್ರ ಹೋಗಿರಲಿಲ್ಲ.

ಕಸಬಾ ಪೇಠೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನನ್ನ ರೆಕಾರ್ಡಿಂಗುಗಳಲ್ಲಿ ಅವರದೇ ಹೆಚ್ಚು. ನರಗುಂದದವರು. ಮದುವೆಯಾದ ಹೊಸದರಲ್ಲಿ, 1971ರಲ್ಲಿ, ಗಂಡನ ನೌಕರಿಯ ಸಲುವಾಗಿ ಬಂದದ್ದು. "ಎರಡ್ ವರ್ಷ ಅಷ್ಟ, ಆಮ್ಯಾಲೆ ಹುಬ್ಬಳ್ಳಿಗೆ ವರ್ಗಾ ಮಾಡಿಸ್ಕೊಳ್ಳೂಣು ಅಂದಿದ್ರು." ವರ್ಗಾವಣೆ ಆಗಲಿಲ್ಲ. ಮಕ್ಕಳು ಇಲ್ಲೇ ಓದಿದರು, ಗಂಡ ಇಲ್ಲೇ ತೀರಿಕೊಂಡರು, ನರಗುಂದದ ಮನೆ ಮಾರಿಹೋಯಿತು. ಅವರ ಮಂಚದ ಕೆಳಗೆ ಒಂದು ಟ್ರಂಕಿದೆ. ತವರಿನಲ್ಲಿ ಕೊಟ್ಟ ಹಿತ್ತಾಳೆ ಪಾತ್ರೆಗಳು ಅದರಲ್ಲಿವೆಯಂತೆ. "ಊರಿಗೆ ಹೋದಮ್ಯಾಲೆ ತಗದ್ರಾತು ಅಂತ ಇಟ್ಟಿದ್ದೆ" ಎಂದು ಹೇಳಿ ನಗುತ್ತಾರೆ. ಟ್ರಂಕು ತೆಗೆದದ್ದನ್ನು ನಾನು ನೋಡಿಲ್ಲ.

ಅಜ್ಜಿಯ ಮಾತಿನಲ್ಲಿ ಒಂದು ಸಂಗತಿ ನನ್ನ ನಾಲ್ಕನೇ ಅಧ್ಯಾಯಕ್ಕೆ ಕಾರಣವಾಯಿತು. ಕನ್ನಡದಲ್ಲೇ ಮಾತಾಡುತ್ತಿದ್ದರೂ ನರಗುಂದದ್ದಕ್ಕೆ 'ಮನಿ' ಅನ್ನುತ್ತಾರೆ, ಪುಣೆಯದಕ್ಕೆ 'ಘರ'. "ಘರದಾಗ ಇವತ್ತ ನೀರ ಬಂದಿಲ್ಲ." "ಮನ್ಯಾಗ ಒಂದ್ ಹುಣಸಿ ಗಿಡ ಇತ್ತು." ಅರ್ಥ ಒಂದೇ. ಆದರೆ ಎಷ್ಟು ಗಂಟೆ ಕೇಳಿದರೂ ಅದಲುಬದಲು ಆಗಿದ್ದು ನನಗೆ ಸಿಗಲಿಲ್ಲ. ಐವತ್ತು ವರ್ಷ ಇದ್ದ ಜಾಗಕ್ಕೆ ಅವರ ಕನ್ನಡದಲ್ಲಿ 'ಮನಿ' ಎನ್ನುವ ಪದ ದಕ್ಕಿಲ್ಲ. ನನ್ನ ಮಾತನ್ನು ನಾನು ಗಮನಿಸಿಕೊಂಡೆ. ನಾನು ಅನ್ನುತ್ತಿದ್ದದ್ದು 'ರೂಮ್'. ರೂಮಿಗೆ ಹೋಗ್ತೀನಿ, ರೂಮ್‌ನಾಗ ಇದ್ದೀನಿ. ಎರಡು ವರ್ಷ ಹಾಸ್ಟೆಲ್ ಕೋಣೆಗೂ ಅದೇ, ಆಮೇಲೆ ಮೂರು ವರ್ಷ ಯರವಡಾದಲ್ಲಿ ಕಾಕೂ ಅವರ ಮನೆಯ ಮಾಳಿಗೆಯ ಕೋಣೆಗೂ ಅದೇ.

ಪಟ್ಟಿಯ ಮೊದಲ ದಿನ ಗೆಳತಿಯೂ ಜೊತೆಗೆ ಬಂದಳು. ಶನಿವಾರವಾಡಾದ ದಿಲ್ಲಿ ದರವಾಜಾ ನೋಡಿದರೆ ಒಳಗೆ ಏನೋ ಇದೆ ಅನ್ನಿಸುತ್ತದೆ. ಆನೆಗಳು ಹಾಯದಂತೆ ಬಾಗಿಲ ತುಂಬ ಕಬ್ಬಿಣದ ಮುಳ್ಳು ಹೊಡೆದಿದ್ದಾರೆ. ದಾಟಿ ಒಳಗೆ ಹೋದರೆ ಹುಲ್ಲು, ಕಲ್ಲಿನ ಅಡಿಪಾಯ, ನೀರಿಲ್ಲದ ಕಾರಂಜಿ. ಮೊದಲನೇ ಬಾಜೀರಾಯ 1730ರಲ್ಲಿ ಕಟ್ಟಲು ಶುರುಮಾಡಿದ ವಾಡೆ ಇದು. 1828ರ ಬೆಂಕಿಯಲ್ಲಿ ಒಳಗಿನದೆಲ್ಲ ಸುಟ್ಟುಹೋಯಿತು, ಗೋಡೆ ಮತ್ತು ಬಾಗಿಲುಗಳು ಉಳಿದವು. ಅದರಲ್ಲೊಂದರ ಹೆಸರು ಖಿಡಕಿ ದರವಾಜಾ. ಗದಗಿನ ನಮ್ಮ ಮನೆಯಲ್ಲೂ ಕಿಟಕಿಗೆ ಕಿಡಕಿ ಅಂತಲೇ ಅನ್ನುತ್ತೇವೆ, ಹೀಗಾಗಿ ಆ ಬಾಗಿಲಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತೆ.

ಗೈಡ್ ಒಬ್ಬರು ಶಾಲೆಯ ಮಕ್ಕಳಿಗೆ ನಾರಾಯಣರಾಯನ ಕೊಲೆಯ ಕಥೆ ಹೇಳುತ್ತಿದ್ದರು. 1773ರಲ್ಲಿ, ಹದಿನೆಂಟರ ಪೇಶ್ವೆ. ಮಕ್ಕಳು ದೆವ್ವದ ಭಾಗಕ್ಕಾಗಿ ಕಾಯುತ್ತಿದ್ದರು. ನಾನು ಬೇರೆಯೇ ಲೆಕ್ಕ ಹಾಕುತ್ತಿದ್ದೆ. ಕಟ್ಟಿಸಿದ ಬಾಜೀರಾಯ ದಂಡಯಾತ್ರೆಗಳಲ್ಲೇ ದಿನ ಕಳೆದು 1740ರಲ್ಲಿ ನರ್ಮದಾ ದಂಡೆಯಲ್ಲಿ ತೀರಿಕೊಂಡ. 1817ರ ನವೆಂಬರಿನಲ್ಲಿ ವಾಡೆಯ ಮೇಲೆ ಇಂಗ್ಲಿಷರ ನಿಶಾನೆ ಏರಿತು. ಕೊನೆಯ ಪೇಶ್ವೆ ಇಲ್ಲಿಂದ ದೂರದ ಬಿಠೂರಿಗೆ ಹೋಗಿ ಪಿಂಚಣಿಯಲ್ಲಿ ಬದುಕಿದ. ಎಷ್ಟು ಮಂದ ಗೋಡೆ ಕಟ್ಟಿದ್ದಾರೆ, ಇದ್ದದ್ದು ತೊಂಬತ್ತು ವರ್ಷವೂ ಆಗಲಿಲ್ಲ.

ಎದುರಿಗೇ ಲಾಲ್ ಮಹಲ್. ಶಿವಾಜಿ ಬಾಲ್ಯ ಕಳೆದ ಮನೆ ಇದ್ದ ಜಾಗ. ಈಗ ಕಾಣುವ ಕಟ್ಟಡ 1980ರ ದಶಕದ್ದು. ನನ್ನ ಗೆಳತಿ ಪುರಾತತ್ವದವಳು, ಅವಳಿಗೆ ಹೊಸ ಇಟ್ಟಿಗೆ ಕಂಡರೆ ಆಗುವುದಿಲ್ಲ. "ಇದಕ್ಕೆ ಅರ್ಧ ಟಿಕ್ ಹಾಕು" ಅಂದಳು. ನಾನು ಪೂರ್ತಿ ಹಾಕಿದೆ. ಇಪ್ಪತ್ನಾಲ್ಕು ದಿನದಲ್ಲಿ ಅರ್ಧ ಟಿಕ್ಕಿಗೆ ಪುರುಸೊತ್ತು ಎಲ್ಲಿಂದ ತರಲಿ?

ಟಿಕ್ ಹಾಕುವುದಕ್ಕೆ ಅದರದೇ ಒಂದು ರುಚಿಯಿದೆ, ಸುಳ್ಳು ಯಾಕೆ ಹೇಳಲಿ. ಸಂಶೋಧನೆಯಲ್ಲಿ ಇರುವವರಿಗೆ ಅದು ಇನ್ನೂ ಹೆಚ್ಚು ಗೊತ್ತಾಗುತ್ತದೆ. ನಮ್ಮ ಕಾಲೇಜಿನಲ್ಲಿ ಸಂಸ್ಕೃತ ನಿಘಂಟಿನ ವಿಭಾಗವಿದೆ. ಎಸ್.ಎಂ. ಕತ್ರೆಯವರು 1948ರಲ್ಲಿ ಆರಂಭಿಸಿದ ಕೆಲಸ. ಸುಮಾರು ಒಂದೂವರೆ ಸಾವಿರ ಗ್ರಂಥಗಳಿಂದ ಪದಗಳನ್ನೆತ್ತಿ ಚೀಟಿಗಳಲ್ಲಿ ಬರೆದಿಟ್ಟಿದ್ದಾರೆ. ಚೀಟಿಗಳ ಸಂಖ್ಯೆ ಒಂದು ಕೋಟಿಯ ಹತ್ತಿರ. ಕಬ್ಬಿಣದ ಕಪಾಟುಗಳು ಸಾಲಾಗಿ ನಿಂತಿವೆ. ಮೊದಲ ಸಂಪುಟ ಬಂದದ್ದು 1970ರ ದಶಕದಲ್ಲಿ. ಆಮೇಲೆ ಮೂವತ್ತಕ್ಕೂ ಹೆಚ್ಚು ಬಂದರೂ ಅಚ್ಚಾದದ್ದು ಇನ್ನೂ 'ಅ'ಕಾರದೊಳಗೇ ಇದೆ. ಕೆಲಸಕ್ಕೆ ಸೇರಿ ನಿವೃತ್ತರಾಗುವವರೆಗೂ ಒಂದೇ ಅಕ್ಷರದಲ್ಲಿದ್ದವರು ಅಲ್ಲಿ ಆಗಿಹೋಗಿದ್ದಾರೆ. ಅಂಥ ಕಟ್ಟಡದಲ್ಲಿ ಐದು ವರ್ಷ ಓಡಾಡಿದವಳಿಗೆ, ಒಂದು ಮಧ್ಯಾಹ್ನದಲ್ಲಿ ಎರಡು ಚೌಕ ತುಂಬಿದರೆ ಕೈಗೆ ಏನೋ ಹತ್ತಿದ ಹಾಗಾಗುತ್ತದೆ.

ಪಾತಾಳೇಶ್ವರಕ್ಕೆ ಒಬ್ಬಳೇ ಹೋದೆ. ಗಿಜಿಗುಡುವ ಜಂಗಲಿ ಮಹಾರಾಜ ರಸ್ತೆಯಿಂದ ಕೆಲವು ಮೆಟ್ಟಿಲು ಇಳಿದರೆ ಸದ್ದು ನಿಲ್ಲುತ್ತದೆ. ಎಂಟನೇ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಕರಿಗಲ್ಲಿನ ನೆಲವನ್ನು ಕೊರೆದು ಮಾಡಿದ ಶಿವನ ಗುಡಿ. ಅಂಗಳದ ನಡುವೆ ಕೊಡೆಯಂಥ ದುಂಡನೆಯ ನಂದಿಮಂಟಪ. 758 ಮತ್ತು 768ನೇ ಇಸವಿಯ ರಾಷ್ಟ್ರಕೂಟ ತಾಮ್ರಪಟಗಳಲ್ಲೇ ಈ ಸೀಮೆಯ ಹೆಸರು ಸಿಗುತ್ತದೆ. ಕನ್ನಡದವಳಾಗಿ ನನಗೆ 'ನಮ್ಮವರು' ಎನ್ನುವ ಹುಮ್ಮಸ್ಸು ಬಂದದ್ದು ನಿಜ. ಕಂಬ ಎಣಿಸುತ್ತ ಒಳಗೆ ಹೋದಂತೆ ಅದು ತಗ್ಗಿತು. ಗುಡಿ ಪೂರ್ತಿಯಾಗಿಲ್ಲ. ಕೆಲವು ಕಡೆ ಉಳಿ ಅರ್ಧಕ್ಕೇ ನಿಂತದ್ದು ಕಾಣುತ್ತದೆ. ಕೊರೆಯುತ್ತಿದ್ದವರು ಯಾಕೋ ಎದ್ದು ಹೋದರು. ಪೂಜೆ ಮಾತ್ರ ಇವತ್ತೂ ನಡೆದಿದೆ. ಬಾಲ್ಕನಿಯಿಲ್ಲದ ಪಿ.ಜಿ.ಗಳಲ್ಲಿ ಇರುವ ಹುಡುಗ ಹುಡುಗಿಯರು ಅಂಗಳದ ಮರದ ಕೆಳಗೆ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರು. ಒಂದು ಹುಡುಗಿಯ ನೋಟ್ಸಿನಲ್ಲಿ ರಾಷ್ಟ್ರಕೂಟರ ವಂಶಾವಳಿಯೇ ಇತ್ತು. ಅವಳು ತಲೆಯೆತ್ತಿ ಗುಡಿಯ ಕಡೆ ನೋಡಲಿಲ್ಲ. ನಾನು ಅವಳ ಜಾಗದಲ್ಲಿದ್ದರೂ ನೋಡುತ್ತಿರಲಿಲ್ಲ.

ಕೇಳ್ಕರ್ ಮ್ಯೂಸಿಯಂನಲ್ಲಿ ನನಗೆ ಒಂದು ಸಂಗತಿ ಹೊಳೆಯಿತು. ದಿನಕರ ಕೇಳ್ಕರ್ ಎನ್ನುವವರು ಚಿಕ್ಕಂದಿನಲ್ಲೇ ತೀರಿಕೊಂಡ ತಮ್ಮ ಒಬ್ಬನೇ ಮಗ ರಾಜಾನ ಹೆಸರಿನಲ್ಲಿ ಮಾಡಿದ ಸಂಗ್ರಹ ಅದು. ಸುಮಾರು ಇಪ್ಪತ್ತು ಸಾವಿರ ವಸ್ತುಗಳು. ದೊಡ್ಡವರ ಕತ್ತಿ ಕಿರೀಟಗಳಿಗಿಂತ ಮನೆಯ ಸಾಮಾನೇ ಹೆಚ್ಚು: ದೀಪ, ಸೌಟು, ಬೀಗ, ಕಾಲು ತಿಕ್ಕುವ ವಜ್ರಿ. ಅಡಕೊತ್ತುಗಳದೇ ಒಂದು ದೊಡ್ಡ ಸಾಲಿದೆ. ಫಲಕದಲ್ಲಿ ಮರಾಠಿಯಲ್ಲಿ 'ಅಡಕಿತ್ತಾ' ಎಂದಿತ್ತು. ನನಗೆ ಅದು ಪರಿಚಯದವರು ಸಿಕ್ಕ ಹಾಗೆ. ಕನ್ನಡದಿಂದ ಹೋಗಿ ಮರಾಠಿಯಲ್ಲಿ ನಿಂತ ಪದಗಳಲ್ಲಿ ಇದೂ ಒಂದು. ತುಪ್ಪ ಹೋಗಿ 'ತೂಪ' ಆಗಿದೆ, ಅಕ್ಕ ಅಣ್ಣ ಹಾಗೇ ಹೋಗಿದ್ದಾರೆ. ಈಗ ಅವನ್ನು ಆಡುವ ಯಾರಿಗೂ ಅವು ಹೊರಗಿನಿಂದ ಬಂದವು ಎನ್ನುವ ನೆನಪಿಲ್ಲ.

ಅದೇ ಮ್ಯೂಸಿಯಂನ ಒಂದು ಕೋಣೆಯಲ್ಲಿ ಮಸ್ತಾನಿ ಮಹಲ್ ಇದೆ. ಬಾಜೀರಾಯ ಮಸ್ತಾನಿಗೆ ಕಟ್ಟಿಸಿಕೊಟ್ಟ ಮನೆ ಕೋಥರೂಡದಲ್ಲಿತ್ತು. ಅದರ ಕಂಬ, ಛಾವಣಿಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಸತ್ತ ಮೇಲೂ ಅವಳ ಮನೆ ಬಾಡಿಗೆದಾರರ ಸಾಮಾನಿನ ಹಾಗೆ ಊರೊಳಗೆ ಜಾಗ ಬದಲಿಸಿದೆ. ಹೊರಗೆ ಬರುವಾಗ ಕೇಳ್ಕರ್ ಅವರ ಬಗ್ಗೆ ಬರೆದದ್ದನ್ನು ಓದಿದೆ. ಅವರು ಕವಿಯೂ ಆಗಿದ್ದರು. ಕಾವ್ಯನಾಮ 'ಅಜ್ಞಾತವಾಸಿ'.

ಆ ಸಂಜೆ ಪಟ್ಟಿಯನ್ನು ಮುಂದಿಟ್ಟುಕೊಂಡು ಮತ್ತೆ ಓದಿದೆ. ಈ ಊರಿನಲ್ಲಿ ನೋಡತಕ್ಕದ್ದು ಎಂದು ನನ್ನ ಗೆಳತಿ ಬರೆದದ್ದರಲ್ಲಿ ಬಹುಪಾಲು, ಯಾರೋ ಸ್ವಲ್ಪ ಕಾಲ ಇದ್ದು ಹೋದ ಜಾಗಗಳು. ಬೆಳೆಯುವವರೆಗೆ ಇದ್ದರು, ರಾಜ್ಯ ಹೋಗುವವರೆಗೆ ಇದ್ದರು, ಓದು ಮುಗಿಯುವವರೆಗೆ ಇದ್ದರು, ಬಿಡುಗಡೆಯಾಗುವವರೆಗೆ ಇದ್ದರು. ತಲೆತಲಾಂತರದಿಂದ ಇಲ್ಲೇ ಇರುವವರ ಮನೆಗೆ ಟಿಕೆಟ್ಟಿಲ್ಲ.

ಆಗಾ ಖಾನ್ ಅರಮನೆಗೆ ಹೊರಟಾಗ ಕಾಕೂ ಗೇಟಿನಲ್ಲೇ ಸಿಕ್ಕರು. ಎಲ್ಲಿಗೆ ಅಂದರು, ಹೇಳಿದೆ. ಅವರು ಹುಟ್ಟಿದ್ದು ಪುಣೆಯಲ್ಲಿ, ಮದುವೆಯಾಗಿ ಯರವಡಾಕ್ಕೆ ಬಂದು ಮೂವತ್ತೈದು ವರ್ಷ. ನಗರ ರಸ್ತೆಯ ಆ ಅರಮನೆಯ ಮುಂದೆ ಸಾವಿರ ಸಲ ಹಾದಿದ್ದಾರೆ, ಒಳಗೆ ಹೋಗಿಲ್ಲ. "ತಡಿ, ಸೀರೆ ಬದಲಿಸಿ ಬರ್ತೀನಿ" ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದವರು, ಒಂದು ಡಬ್ಬಿಯಲ್ಲಿ ಶಂಕರಪಾಳಿಯನ್ನೂ ಹಿಡಿದುಕೊಂಡು ಬಂದರು. ಆಟೋದಲ್ಲಿ ಹೋದೆವು.

1892ರಲ್ಲಿ ಮೂರನೇ ಆಗಾ ಖಾನ್ ಕಟ್ಟಿಸಿದ ಬಂಗಲೆ. ಬರದ ಕಾಲದಲ್ಲಿ ಸುತ್ತಲಿನ ಜನಕ್ಕೆ ಕೆಲಸ ಸಿಗಲಿ ಎಂದು ಕಟ್ಟಿಸಿದ್ದು ಎನ್ನುತ್ತಾರೆ. 1942ರ ಆಗಸ್ಟಿನಲ್ಲಿ ಅದು ಸೆರೆಮನೆಯಾಯಿತು. ಗಾಂಧಿ, ಕಸ್ತೂರಬಾ, ಮಹಾದೇವ ದೇಸಾಯಿ, ಸರೋಜಿನಿ ನಾಯ್ಡು, ಮೀರಾಬೆನ್ ಇವರನ್ನೆಲ್ಲ ಇಲ್ಲಿಟ್ಟರು. ಆಗಸ್ಟ್ 9ಕ್ಕೆ ಬಂಧನ, 15ಕ್ಕೆ ಮಹಾದೇವ ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ. ಗಾಂಧಿ ಹೊರಬಂದದ್ದು ಅದೇ ವರ್ಷದ ಮೇ 6ರಂದು. ಅವರಿದ್ದ ಕೋಣೆಯನ್ನು ಗಾಜಿನಾಚೆಯಿಂದ ನೋಡಬಹುದು. ಹಾಸಿಗೆ, ಮೇಜು, ಅಷ್ಟೇ.

ಹಿಂದಿನ ಅಂಗಳದಲ್ಲಿ ಎರಡು ಸಮಾಧಿಗಳಿವೆ. ಕಾಕೂ ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಬೆರಳು ಮಡಿಸಿ ಎಣಿಸತೊಡಗಿದರು. "ಆಗಸ್ಟಿಂದ ಆಗಸ್ಟ್ ಒಂದು ವರ್ಷ. ಆಮೇಲೆ ಆರು ತಿಂಗಳು. ಒಂದೂವರೆ ವರ್ಷ ಅಷ್ಟೇ ಇದ್ದಳೇನು ಬಾ ಇಲ್ಲಿ? ನೀನು ನಮ್ಮಲ್ಲಿ ಮೂರು ವರ್ಷ ಇದ್ದಿ." ನಾನು ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ಮನೆಗೆ ಹೋಗಿ ಸಾಯಬೇಕು ಅಂತ ಇದ್ದಿರಬೇಕು ಅವಳಿಗೆ" ಅಂದರು. ಯಾವ ಮನೆ ಎಂದು ನಾನು ಯೋಚಿಸಿದೆ. ಪೋರಬಂದರ, ದಕ್ಷಿಣ ಆಫ್ರಿಕಾದ ಆಶ್ರಮಗಳು, ಸಾಬರಮತಿ, ಸೇವಾಗ್ರಾಮ. ಅವರು ಎಷ್ಟು ಸಲ ಸಾಮಾನು ಕಟ್ಟಿರಬಹುದು!

ಕಟ್ಟೆಯ ಮೇಲೆ ಕೂತು ಶಂಕರಪಾಳಿ ತಿಂದೆವು. ಹೊತ್ತು ಇಳಿಯುತ್ತಿತ್ತು. ನಾನು ಎದ್ದು ಸೀರೆಯ ಧೂಳು ಝಾಡಿಸುತ್ತಿದ್ದ ಕಾಕೂಗೆ "ಘರೀ ಜಾಊಯಾ?" ಅಂದೆ. ಮನೆಗೆ ಹೋಗೋಣವೇ ಎಂದು. ಅವರು ಗಮನಿಸಲಿಲ್ಲ, ಗಮನಿಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಮರಾಠಿಯಲ್ಲಿ ಹಾಗೇ ಅನ್ನುವುದು. ಆದರೆ ನನ್ನ ಕೆಲಸವೇ ಇಂಥವನ್ನು ಕೇಳಿಸಿಕೊಳ್ಳುವುದಲ್ಲವೇ? ಐದು ವರ್ಷ 'ರೂಮ್' ಎಂದೇ ಹೇಳಿಕೊಂಡು ಬಂದ ಬಾಯಿ, ಬಿಡುವುದಕ್ಕೆ ಹನ್ನೊಂದು ದಿನ ಇರುವಾಗ, ಅದೂ ಇನ್ನೊಂದು ಭಾಷೆಯಲ್ಲಿ, ಆ ಪದ ಆಡಿತು. ಆಟೋದಲ್ಲಿ ಕಾಕೂ ಬೆಲೆಗಳ ಬಗ್ಗೆ ಮಾತಾಡುತ್ತಿದ್ದರು. ನನಗೆ ಉತ್ತರ ಕೊಡಲು ಆಗಲಿಲ್ಲ, ಗಂಟಲು ಕಟ್ಟಿತ್ತು.

ಉಳಿದವು ಬೇಗ ಬೇಗ ಆದವು. ಪರ್ವತಿ ಗುಡ್ಡದ 103 ಮೆಟ್ಟಿಲನ್ನು ಬೆಳಿಗ್ಗೆ ಆರಕ್ಕೆ ಹತ್ತಿದೆ. ನಾನಾಸಾಹೇಬ ಪೇಶ್ವೆ ಕಟ್ಟಿಸಿದ ಗುಡಿ. ಪಾಣಿಪತ್ತಿನ ಸುದ್ದಿ ಬಂದಮೇಲೆ, 1761ರಲ್ಲಿ, ಆತ ತೀರಿಕೊಂಡದ್ದೂ ಅಲ್ಲೇ. ಮೇಲಿನಿಂದ ಊರು ಪೂರ್ತಿ ಕಾಣುತ್ತದೆ. ಯರವಡಾ ಯಾವ ದಿಕ್ಕು ಎಂದು ವಾಕಿಂಗ್ ಬಂದಿದ್ದ ಅಜ್ಜ ಒಬ್ಬರು ತೋರಿಸಿದರು. ಮಂಜಿನಲ್ಲಿ ಏನೂ ತಿಳಿಯಲಿಲ್ಲ. ಆದರೂ ಆ ಕಡೆಗೇ ಮುಖ ಮಾಡಿ ಕೂತಿದ್ದೆ.

ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯಲ್ಲಿ ಅರ್ಧ ಗಂಟೆ ಪಾಳಿ ನಿಂತು ಎಸ್‌ಪಿಡಿಪಿ ತಿಂದೆವು. ಪುಣೆಯ ಹುಡುಗರು ತಮ್ಮ ಊರಿನ ಗುರುತು ಎನ್ನುವ ಈ ಹೋಟೆಲು ಕಟ್ಟಿದವರು ನಮ್ಮ ಕರಾವಳಿಯಿಂದ ಚಿಕ್ಕ ಹುಡುಗನಾಗಿ ಹೊರಟುಬಂದ ಜಗನ್ನಾಥ ಶೆಟ್ಟರು. 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಮರಾಠಿ ಪತ್ರಿಕೆಗಳು ಅವರನ್ನು ಪುಣೆಯವರೆಂದೇ ಬರೆದವು. ಹತ್ತಿರದಲ್ಲೇ ಇರುವ ಫರ್ಗ್ಯುಸನ್‌ನಲ್ಲಿ ಬೇಂದ್ರೆ ಓದಿ 1918ರಲ್ಲಿ ಬಿ.ಎ. ಮುಗಿಸಿದರು. ಮನೆಮಾತು ಮರಾಠಿಯಾಗಿದ್ದ ಹುಡುಗ ಮರಾಠಿಯ ಊರಿನಲ್ಲಿ ಓದಿ, ಧಾರವಾಡಕ್ಕೆ ಮರಳಿ ಕನ್ನಡದ ಕವಿಯಾದರು. ನಮ್ಮ ಗದಗಿನ ಸೀಮೆಯ ಭೀಮಸೇನ ಜೋಶಿಯವರದು ಇದರ ಉಲ್ಟಾ. ಗುರುವನ್ನು ಹುಡುಕಿ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಊರೂರು ಅಲೆದು, ಕೊನೆಗೆ ಪುಣೆಯಲ್ಲಿ ನಿಂತು, ಕುಂದಗೋಳದ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ಉತ್ಸವ ನಡೆಸಿದರು. ಇಬ್ಬರೂ ಬಂದಾಗ ಎಷ್ಟು ದಿನಕ್ಕೆಂದು ಬಂದಿದ್ದರೋ. ಒಬ್ಬರು ಹೋದರು, ಒಬ್ಬರು ಉಳಿದರು. ಹೋದವರಿಂದ ಊರೂ ಹೋಗಲಿಲ್ಲ, ಉಳಿದವರಿಂದ ಗದಗೂ ಹೋಗಲಿಲ್ಲ.

ತಿಲಕರ ಕೋಣೆಗೆ ಹೋಗುವುದಕ್ಕೆ ಬಸ್ಸು ಬೇಕಾಗಲಿಲ್ಲ. ಅವರು ಡೆಕ್ಕನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದು 1877ರಲ್ಲಿ ಬಿ.ಎ. ಮಾಡಿದರು. ಆಗ ಇದ್ದ ಕೋಣೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಇದೇ ಕಾಲೇಜಿನಲ್ಲಿ ಡಿ.ಎನ್. ಶಂಕರ ಭಟ್ಟರೂ ಸಂಶೋಧನೆ ಮಾಡಿದರು, ಕೆಲಸ ಮಾಡಿದರು. ಕನ್ನಡದ ವ್ಯಾಕರಣವನ್ನು ಕನ್ನಡದ ಕಣ್ಣಿನಿಂದ ನೋಡಬೇಕೆಂದು ನಾನು ಕಲಿತದ್ದು ಅವರ ಪುಸ್ತಕಗಳಿಂದ. ಅವರು ಯಾವ ಕೋಣೆಯಲ್ಲಿ ಕೂರುತ್ತಿದ್ದರು ಎಂದು ಹುಡುಕುತ್ತ ಒಂದು ಮಧ್ಯಾಹ್ನ ಕಾರಿಡಾರಿನಲ್ಲಿ ಅಡ್ಡಾಡಿದೆ. ಎಲ್ಲೂ ಫಲಕವಿಲ್ಲ. ಲೈಬ್ರರಿಯಲ್ಲಿ ಅವರ ಪುಸ್ತಕಗಳಿದ್ದವು, ಅಂಚು ಸವೆದಿದ್ದವು.

ಪಟ್ಟಿಯಲ್ಲಿ ಇಲ್ಲದ ಮನೆಗೆ ಕೊನೆಯ ವಾರ ಹೋದೆ. ಕಸಬಾ ಪೇಠೆಯ ಅಜ್ಜಿಗೆ ಹೇಳಿಹೋಗಬೇಕಿತ್ತು. ಚಹಾ ಕೊಟ್ಟು, "ಶನಿವಾರವಾಡಾ ನೋಡಿದ್ಯಂತ?" ಅಂದರು. ನೋಡಿದ್ದನ್ನೆಲ್ಲ ಹೇಳಿದೆ.

"ಮುಂಜಾನಿಂದ ಸಂಜೀತನಕ ತಿರಗೀದಿ ಹಂಗಾರ. ನಾ ಏನೂ ನೋಡಿಲ್ಲ ತಂಗಿ. ಹೋಗಾವ್ರು ನೋಡ್ತಾರ, ಇರಾವ್ರು ಯಾಕ ನೋಡ್ತಾರ?"

"ನೀವೂ ಹೋಗಾವ್ರ ಅಲ್ಲೇನ್ ಅಜ್ಜಿ? ಎರಡ್ ವರ್ಷಕ್ಕ ಅಂತ ಬಂದಾವ್ರು."

ಅಜ್ಜಿ ಜೋರಾಗಿ ನಕ್ಕರು. "ಹೌದಲ! ಮತ್ತ ನಿನ್ನ ಚೀಟ್ಯಾಗ ನಂದೂ ಹೆಸರ ಬರಕೋ. ನೋಡೂ ಜಾಗಾದಾಗ ಒಂದ್ ಇದೂ ಇರ್ಲಿ."

ಚೀಲದಿಂದ ಕ್ಯಾಲೆಂಡರ್ ಹಾಳೆ ತೆಗೆದು ಅವರ ಎದುರಿಗೇ ಹತ್ತನೆಯದನ್ನು ಬರೆದೆ. ಚೌಕ ಹಾಕಿದೆ. ಅವರು ಪೆನ್ನು ಇಸಗೊಂಡು ತಾವೇ ಗೀಟು ಎಳೆದರು. ಗುರೆಳ್ಳು ಚಟ್ನಿ ಕಟ್ಟಿಕೊಟ್ಟು, "ಮತ್ತ ಯಾವಾಗ ಬರ್ತಿ?" ಅಂದರು. ವೈವಾಕ್ಕೆ ಬರಬೇಕು ಅಂದೆ. ಅದು ಯಾವಾಗ ಎಂದು ನನಗೂ ಖಚಿತವಿರಲಿಲ್ಲ. ಅಜ್ಜಿ ತಲೆಯಾಡಿಸಿ, "ಹಂಗಂದ್ರ ಎರಡ್ ವರ್ಷ ಅನ್ನು" ಅಂದರು. ಅವರ ಮಾತಿನಲ್ಲಿ ಎರಡು ವರ್ಷ ಎಂದರೆ ಏನೆಂದು ನನಗೆ ಈಗ ಗೊತ್ತು.

ಸಿಂಹಗಡ ಆಗಲಿಲ್ಲ. ಎರಡು ಸಲ ಹೊರಟೆ, ಎರಡು ಸಲವೂ ಮಳೆ. ಮೇಲೆ ಪಿಠಲೆ ಭಾಕರಿ, ಮಡಕೆಯ ಮೊಸರು ಬಹಳ ಚೆನ್ನಾಗಿರುತ್ತದೆ ಎಂದು ಎಲ್ಲರೂ ಹೇಳಿದ್ದರು. ಆ ಚೌಕ ಖಾಲಿ ಇದೆ. ಕಾಕೂ ಅದನ್ನು ನೋಡಿ, ಒಳ್ಳೇದಾಯ್ತು, ಒಂದು ಬಾಕಿ ಇರಲಿ ಅಂದರು. ಅವರಿಗೂ ನೋಡಬೇಕಂತೆ.

ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಯ ಮೇಲೆ ಹೋಗುವ ರಾತ್ರಿ ರೈಲಿಗೆ ಐದು ವರ್ಷದ ಸಾಮಾನು ನಾಲ್ಕು ಚೀಲವಾಗಿ ಹತ್ತಿತು. ಗದಗಿಗೆ ಬಂದು ಈಗ ಮೂರು ವಾರ. ಮಂದಿ ಕೇಳಿದರು, ಅವ್ವ ಹೇಳಿದ್ದ ಹಾಗೆಯೇ. ಶನಿವಾರವಾಡಾ ಎಂದೊಡನೆ ಅವರ ಮುಖದಲ್ಲಿ ಸಮಾಧಾನ ಕಾಣುತ್ತದೆ. ಮುಂದೆ ಕೇಳುವುದಿಲ್ಲ. ಕೇಳುವುದು ಅಪ್ಪ ಒಬ್ಬರೇ. ರಾತ್ರಿ ಊಟವಾದ ಮೇಲೆ ಅಜ್ಜಿಯ ರೆಕಾರ್ಡಿಂಗ್ ಹಾಕು ಅನ್ನುತ್ತಾರೆ. ನರಗುಂದದ ಹುಣಸೆ ಗಿಡದ ಕಥೆ ಬಂದಾಗ, ಆ ಓಣಿ ನನಗೆ ಗೊತ್ತು ಅನ್ನುತ್ತಾರೆ.

ಇವತ್ತು ಬೆಳಿಗ್ಗೆ ಪ್ರಬಂಧದ ಮೊದಲ ಪುಟಗಳನ್ನು ಸಿದ್ಧಮಾಡುತ್ತಿದ್ದೆ. ಇದು ನನ್ನದೇ ಕೆಲಸ ಎನ್ನುವ ಘೋಷಣಾಪತ್ರ ಒಂದಿರುತ್ತದೆ. ಅದರ ಕೆಳಗೆ ಎಡಬದಿಯಲ್ಲಿ ಎರಡು ಸಾಲು: ಸ್ಥಳ, ದಿನಾಂಕ. ಪಡಸಾಲೆಯಲ್ಲಿ ಕೂತಿದ್ದೆ, ಪಕ್ಕದಲ್ಲಿ ಅವ್ವ ಶೇಂಗಾ ಸುಲಿಯುತ್ತಿದ್ದಳು. ಸ್ಥಳದ ಮುಂದೆ ಪುಣೆ ಎಂದು ಟೈಪು ಮಾಡಿದೆ. ನಿಯಮವೂ ಅದೇ, ವಿಶ್ವವಿದ್ಯಾಲಯ ಇರುವ ಊರನ್ನೇ ಬರೆಯಬೇಕು. ನಿಯಮ ಇಲ್ಲದಿದ್ದರೂ ಬರೆಯುತ್ತಿದ್ದೆ. ದಿನಾಂಕದ ಮುಂದೆ ಇನ್ನೂ ಏನೂ ಇಲ್ಲ. ನಾಲ್ಕನೇ ಅಧ್ಯಾಯ ನಡೆಯುತ್ತಿದೆ.